ಬೈಕ್ ಟೈರ್, ಹೆಲ್ಮೆಟ್, ಜಾಕೆಟ್: ಮೈಸೂರು–ಮಂಡ್ಯದವರು ಅಂಗಡಿಯಲ್ಲಿ ಏನು ಕೊಳ್ಳಬೇಕು, ಆನ್‌ಲೈನ್‌ನಲ್ಲಿ ಏನು ತರಿಸಬೇಕು?

ಮೂರು ವರ್ಷದ ಹಿಂದೆ ಬೈಕಿನ ಹಿಂದಿನ ಟೈರನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಊರಿನ ಅಂಗಡಿಗಿಂತ 300 ರೂಪಾಯಿ ಕಡಿಮೆ ಇತ್ತು. ಪಾರ್ಸಲ್ ಬಂತು. ಆದರೆ ಹಾಕಿಸಲು ಬಿಡುವಾಗದೆ ಎರಡು ವಾರ ಮಂಚದ ಕೆಳಗೇ ಬಿದ್ದಿತ್ತು. ಕೊನೆಗೊಂದು ಭಾನುವಾರ ಅದನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮಂಡ್ಯದ ಒಂದು ಪಂಚರ್ ಅಂಗಡಿಗೆ ಹೋದೆ. ಅಂಗಡಿಯವರು ಟೈರನ್ನು ಒಂದು ಸುತ್ತು ತಿರುಗಿಸಿ ನೋಡಿ ನಕ್ಕರು. "ಅಣ್ಣೋ, ಇದು ನಿಮ್ ಗಾಡಿಗಿಂತ ಹಳೇದು ಕಣಣ್ಣೋ!"

ನಿಜ. ಟೈರ್ ತಯಾರಾಗಿ ನಾಲ್ಕು ವರ್ಷವಾಗಿತ್ತು. ವಾಪಸ್ ಕೊಡುವ ಗಡುವು ಮುಗಿದಿತ್ತು. ಹಾಕುವ ಕೂಲಿ ಬೇರೆ, ವಾಲ್ವ್ ಬೇರೆ. ಉಳಿದಿದ್ದ 300 ರೂಪಾಯಿ ಅಲ್ಲೇ ಕರಗಿತು.

ಹಾಗಂತ ಅಂಗಡಿಯೇ ಸರಿ ಎಂದೂ ಹೇಳಲಾರೆ. ಅದೇ ವರ್ಷ ಊರಿನ ಒಂದು ಅಂಗಡಿಯಲ್ಲಿ ರೈಡಿಂಗ್ ಜಾಕೆಟ್ ಕೊಂಡೆ. ನನ್ನ ಅಳತೆಯದು ಅವರ ಬಳಿ ಇರಲಿಲ್ಲ. "ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಸಾರ್" ಎಂದರು, ನಾನೂ ನಂಬಿದೆ. ಇವತ್ತಿಗೂ ಅದರ ಮೊಣಕೈ ಪ್ಯಾಡು ನನ್ನ ಮುಂಗೈ ಹತ್ತಿರ ಇಳಿದು ಕೂರುತ್ತದೆ.

ಈ ಎರಡು ಪೆಟ್ಟಿನ ಮೇಲೆ ನಾನು ಪಾಲಿಸುತ್ತಿರುವ ಕ್ರಮ ಇದು: ಟೈರನ್ನು ಎಲ್ಲಿ ಹಾಕಿಸುತ್ತೇನೋ ಅಲ್ಲೇ ಕೊಳ್ಳುತ್ತೇನೆ. ಹೆಲ್ಮೆಟ್ಟನ್ನು ತಲೆಗೆ ಹಾಕಿ ನೋಡಿದ ಮೇಲೇ ದುಡ್ಡು ಕೊಡುತ್ತೇನೆ. ಜಾಕೆಟ್, ಗ್ಲೌಸ್, ಪ್ಯಾಂಟು ಮಾತ್ರ ನನ್ನ ಅಳತೆ ಗೊತ್ತಾದ ಮೇಲೆ ಆನ್‌ಲೈನ್. ಯಾಕೆ, ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಮೊದಲು ನಿಮ್ಮ ಟೈರನ್ನೇ ಓದಿ

ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ನಾವು ಟೈರ್ ನೋಡುತ್ತೇವೆ. ಆಮೇಲೆ ನೋಡುವುದು ಪಂಚರ್ ಆದಾಗಲೇ. ಅಂಗಡಿಗೋ ಆ್ಯಪ್‌ಗೋ ಹೋಗುವ ಮುಂಚೆ ಐದು ನಿಮಿಷ ಗಾಡಿ ಪಕ್ಕ ಕೂತು ಟೈರಿನ ಮಗ್ಗುಲಲ್ಲಿ ಬರೆದಿರುವುದನ್ನು ಓದಿ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

100/90-17 55ಪಿ ಎಂದು ಬರೆದಿದೆ ಎಂದುಕೊಳ್ಳಿ. 100 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. 90 ಅಂದರೆ ಮಗ್ಗುಲಿನ ಎತ್ತರ ಆ ಅಗಲದ ಶೇ 90ರಷ್ಟು, ಅಂದರೆ 90 ಮಿ.ಮೀ. 17 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. 55 ಎಂಬುದು ಭಾರದ ಸಂಕೇತ. ಈ ಟೈರ್ 218 ಕೆ.ಜಿ. ಹೊರಬಲ್ಲದು ಎಂದರ್ಥ. ಪಿ ಅಕ್ಷರ ವೇಗದ ಮಿತಿ: ಗಂಟೆಗೆ 150 ಕಿ.ಮೀ. ಅದೇ ಜೆ ಆದರೆ 100, ಎಲ್ ಆದರೆ 120, ಎಸ್ ಆದರೆ 180.

ವೇಗದ ಅಕ್ಷರಕ್ಕಿಂತ ಭಾರದ ಅಂಕಿ ನಮ್ಮ ಕಡೆಯವರಿಗೆ ಮುಖ್ಯ. ಬೆಳಗ್ಗೆ ಎರಡು ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೇರಿಗೆ, ಸಂಜೆ ಹಸುವಿಗೆ ಮೇವಿನ ಹೊರೆ, ನಡುವೆ ಮಕ್ಕಳಿಬ್ಬರನ್ನು ಶಾಲೆಗೆ. ಇಷ್ಟನ್ನೂ ಹಿಂದಿನ ಟೈರೇ ಹೊರುತ್ತದೆ. ಕಂಪನಿಯವರು ಕೊಟ್ಟ ಅಂಕಿಗಿಂತ ಕಡಿಮೆ ಇರುವ ಟೈರನ್ನು ಅಗ್ಗ ಎಂದು ಯಾವತ್ತೂ ಹಾಕಿಸಬೇಡಿ. ಸಮ ಇರಲಿ, ಇಲ್ಲವೇ ಜಾಸ್ತಿ ಇರಲಿ.

ಇನ್ನು ದಪ್ಪ ಟೈರಿನ ಹುಚ್ಚು. 100ರ ಜಾಗಕ್ಕೆ 120 ಹಾಕಿದರೆ ಗಾಡಿ ಗತ್ತಾಗಿ ಕಾಣುತ್ತದೆ, ಅಲ್ವಾ? ಕಾಣುತ್ತದೆ. ಆದರೆ ರಿಮ್ಮಿನ ಅಗಲ ಅಷ್ಟೇ ಇರುವುದರಿಂದ ಟೈರ್ ಮಗ್ಗುಲಲ್ಲಿ ಉಬ್ಬಿ ಕೂರುತ್ತದೆ, ಚೈನ್ ಕವರಿಗೆ ಉಜ್ಜುತ್ತದೆ, ಮೈಲೇಜ್ ಇಳಿಯುತ್ತದೆ. ತಿರುವಿನಲ್ಲಿ ಗಾಡಿ ಮೊದಲಿನಂತೆ ಬಾಗುವುದಿಲ್ಲ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುವ ಅಳತೆಯನ್ನೇ ಹಾಕಿಸಿ.

ಟ್ಯೂಬ್ ಇದೆಯೋ ಟ್ಯೂಬ್‌ಲೆಸ್ಸೋ ಎಂಬುದನ್ನೂ ನೋಡಿ. ಕಡ್ಡಿ ಚಕ್ರದಲ್ಲಿ ಕಡ್ಡಿ ಕೂರುವ ತೂತುಗಳಿಂದ ಗಾಳಿ ಸೋರುವ ಕಾರಣ ಸಾಮಾನ್ಯವಾಗಿ ಟ್ಯೂಬ್ ಬೇಕೇ ಬೇಕು. ಅಲಾಯ್ ಚಕ್ರ ಅಂದ ತಕ್ಷಣ ಟ್ಯೂಬ್‌ಲೆಸ್ ಎಂದೂ ಅಲ್ಲ. ರಿಮ್ಮಿನ ಮೇಲೇ ಬರೆದಿರುತ್ತದೆ. ಓದಿ.

2. ಬದಲಿಸುವ ಹೊತ್ತು ಬಂದಿದೆಯೇ?

ಮಗ್ಗುಲಲ್ಲಿ ಟಿ.ಡಬ್ಲ್ಯು.ಐ. ಎಂಬ ಮೂರು ಅಕ್ಷರ ಅಥವಾ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗ್ರಿಪ್ಪಿನ ಸಂದಿಯೊಳಗೆ ಒಂದು ಸಣ್ಣ ಉಬ್ಬು ಕಾಣುತ್ತದೆ. ಟೈರ್ ಸವೆದು ಆ ಉಬ್ಬಿಗೆ ಸಮ ಆದರೆ ಮುಗಿಯಿತು, ಬದಲಿಸಿ. ಗ್ರಿಪ್ ಇದ್ದರೂ ಮಗ್ಗುಲಲ್ಲಿ ಬಿರುಕು ಬಿಟ್ಟಿದ್ದರೆ, ಎಲ್ಲಾದರೂ ಮೊಟ್ಟೆಯಂತೆ ಊದಿಕೊಂಡಿದ್ದರೆ ಬದಲಿಸಲೇಬೇಕು.

ನಮ್ಮಲ್ಲಿ ಟೈರ್ ಮಧ್ಯದಲ್ಲಷ್ಟೇ ಸವೆದು ಚಪ್ಪಟೆ ಆಗುವುದು ಜಾಸ್ತಿ. ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ. ನಾವೆಲ್ಲ ಸರ್ವಿಸ್ ರಸ್ತೆಯವರು. ಅಲ್ಲಿ ಟ್ರ್ಯಾಕ್ಟರು, ಹಂಪು, ಬಸ್ಸು, ಕಬ್ಬಿನ ಕಾಲದಲ್ಲಿ ಕಬ್ಬಿನ ಗಾಡಿ. ಹೆಜ್ಜೆ ಹೆಜ್ಜೆಗೂ ಬ್ರೇಕು. ಮಳೆ ಬಂದರೆ ಕಬ್ಬಿನ ಸೋಗೆ ರಸ್ತೆಗೆ ಅಂಟಿಕೊಂಡು ಬಾಳೆಸಿಪ್ಪೆಯಂತೆ ಜಾರುತ್ತದೆ. ಅಂಥ ಕಡೆ ಬೋಳು ಟೈರ್ ಇಟ್ಟುಕೊಂಡು "ಇನ್ನೊಂದು ತಿಂಗಳು ಓಡುತ್ತೆ" ಎನ್ನುವುದು ಬೇಡ.

3. ಬೆಲೆ ಕೇಳುವಾಗ ಪೂರ್ತಿ ಕೇಳಿ

ಆ್ಯಪ್‌ನಲ್ಲಿ ಕಾಣುವುದು ಬರೀ ಟೈರಿನ ಬೆಲೆ. ಅಂಗಡಿಯವರು ಹೇಳುವುದು ಹಲವು ಸಲ ಹಾಕಿ ಕೊಡುವ ಬೆಲೆ. ಎರಡನ್ನೂ ಸುಮ್ನೆ ಪಕ್ಕ ಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆಯ ಲೆಕ್ಕ. ಅಂಗಡಿಯಲ್ಲಿ 2,500 ರೂಪಾಯಿ, ಹಾಕುವುದೂ ಸೇರಿ. ಆನ್‌ಲೈನ್‌ನಲ್ಲಿ 2,200. ಚಕ್ರ ಬಿಚ್ಚಿ ಟೈರ್ ಹಾಕಲು 200, ಹೊಸ ವಾಲ್ವ್‌ಗೆ 50. ಉಳಿಯುವುದು 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು. ಹಳೇ ಟೈರಿಗೆ ಅಂಗಡಿಯವರು ಒಂದಿಷ್ಟು ಕಳೆದುಕೊಂಡರೆ ಅದೂ ಇಲ್ಲ.

ಫೋನ್ ಮಾಡಿ ಕೇಳುವಾಗ ಹೀಗೆ ಕೇಳಿ: "ಸಾರ್, 100/90-17 ಟ್ಯೂಬ್‌ಲೆಸ್, ಹಿಂದಿನದು. ವಾಲ್ವ್, ಕೂಲಿ, ಜಿಎಸ್‌ಟಿ ಬಿಲ್ ಎಲ್ಲ ಸೇರಿ ಎಷ್ಟು? ಯಾವ ವಾರ ತಯಾರಾದ ಸ್ಟಾಕು?" ಕೊನೆಯ ಪ್ರಶ್ನೆ ಕೇಳಿದ ತಕ್ಷಣ ಆ ಕಡೆಯ ದನಿ ಸ್ವಲ್ಪ ಬದಲಾಗುತ್ತದೆ. ಗಿರಾಕಿಗೆ ವಿಷಯ ಗೊತ್ತಿದೆ ಎಂದು ಅವರಿಗೂ ಅರ್ಥವಾಗುತ್ತದೆ.

ಮೂರು ಅಂಗಡಿ ಸಾಕು. ಮಂಡ್ಯದವರಾದರೆ ಎರಡು ಮಂಡ್ಯದಲ್ಲಿ, ಒಂದು ಮೈಸೂರಿನಲ್ಲಿ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಅದಕ್ಕಿಂತ ಹಿಂದಿನ ಬೆಲೆಪಟ್ಟಿ ತೆಗೆದು ತೋರಿಸಿದರೆ ಇದನ್ನು ನೆನಪಿಸಿ.

"ಬಿಲ್ ಇಲ್ದೆ ಆದ್ರೆ ಇನ್ನೂರು ಕಮ್ಮಿ ಮಾಡ್ಕೊಡ್ತೀನಿ" ಎನ್ನುವವರು ಇದ್ದೇ ಇರುತ್ತಾರೆ. ಬೇಡ. ಟೈರಿನಲ್ಲಿ ತಯಾರಿಕೆಯ ದೋಷ ಬಂದರೆ ಕ್ಲೇಮ್ ಮಾಡಲು ಆ ಬಿಲ್ಲೇ ಆಧಾರ.

ಅಂದಹಾಗೆ, ನಮ್ಮ ಮೈಸೂರಿನಲ್ಲೇ ಟೈರ್ ಕಾರ್ಖಾನೆ ಇದೆ. ಹಿಂದೆ ವಿಕ್ರಾಂತ್ ಎಂದಿದ್ದದ್ದು 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಯಿತು. ಹಿರಿಯರು ಈಗಲೂ ವಿಕ್ರಾಂತ್ ಎಂದೇ ಹೇಳುತ್ತಾರೆ. ಊರಲ್ಲೇ ಕಾರ್ಖಾನೆ ಇದೆ ಅಂತ ಅಂಗಡಿಯಲ್ಲಿ ಬೆಲೆ ಇಳಿಯುತ್ತದೆ ಎಂದುಕೊಳ್ಳಬೇಡಿ. ನಾನೂ ಒಂದು ಸಲ ಹಾಗೆ ಚೌಕಾಸಿ ಮಾಡಲು ಹೋಗಿ ನಗೆಪಾಟಲಾದೆ.

4. ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ

ಟೈರನ್ನು ಕೈಗೆ ತೆಗೆದುಕೊಳ್ಳಿ. ಮಗ್ಗುಲಲ್ಲಿ ನಾಲ್ಕು ಅಂಕಿ ಹುಡುಕಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು, ಅಂದರೆ ಜೂನ್ ತಿಂಗಳಿನದು. ಈ ಅಂಕಿ ಕೆಲವು ಟೈರ್‌ಗಳಲ್ಲಿ ಒಂದೇ ಮಗ್ಗುಲಲ್ಲಿರುತ್ತದೆ. ಕಾಣದಿದ್ದರೆ ತಿರುಗಿಸಿ ನೋಡಿ.

ನನ್ನ ಲೆಕ್ಕ ಹೀಗೆ. ಆರು ತಿಂಗಳ ಒಳಗಿನದಾದರೆ ಮಾತೇ ಇಲ್ಲ. ಒಂದು ವರ್ಷದ ತನಕವೂ ಪರವಾಗಿಲ್ಲ. ಒಂದು ವರ್ಷ ದಾಟಿದ್ದರೆ ಬೆಲೆ ಇಳಿಸಿ ಎಂದು ಕೇಳುತ್ತೇನೆ. ಎರಡು ವರ್ಷ ದಾಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ರಬ್ಬರ್ ಗೋಡೌನಿನಲ್ಲಿ ಕೂತಲ್ಲೇ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಬಿಸಿಲಿನಲ್ಲಿ, ಅಂಗಡಿ ಮುಂದೆ ಕಂಬಕ್ಕೆ ಪೋಣಿಸಿಟ್ಟ ಟೈರಂತೂ ಮುಟ್ಟಲೇಬೇಡಿ.

ಐಎಸ್‌ಐ ಗುರುತು ಇರಬೇಕು. ದ್ವಿಚಕ್ರ ವಾಹನದ ಟೈರಿಗೆ ಐಎಸ್ 15627 ಎಂಬ ಸಂಖ್ಯೆ. ಟೈರಿನ ಒಳಅಂಚು, ರಿಮ್ಮಿಗೆ ಕಚ್ಚಿಕೊಳ್ಳುವ ಜಾಗ, ಎಲ್ಲೂ ಮಡಚಿರಬಾರದು, ಹರಿದಿರಬಾರದು. ಹೊಸದರ ಮೇಲೆ ರಬ್ಬರಿನ ಸಣ್ಣ ಕೂದಲುಗಳು ಇರುತ್ತವೆ. ಅವು ಇಲ್ಲದೆ ಮೈ ಹೊಳೆಯುತ್ತಿದ್ದರೆ ಒಂದು ಸಲ ಅನುಮಾನ ಪಡಿ. ಯಾರೋ ಸ್ವಲ್ಪ ದಿನ ಓಡಿಸಿ ಬಿಚ್ಚಿದ್ದೂ ಇರಬಹುದು.

5. ಹಾಕುವಾಗ ಪಕ್ಕದಲ್ಲೇ ನಿಲ್ಲಿ

ಟೈರಿನ ವಿಷಯದಲ್ಲಿ ನಾನು ಅಂಗಡಿಯ ಪರ ವಾಲುವುದು ಇಲ್ಲೇ. ಕೊಟ್ಟವರೇ ಹಾಕಿದರೆ ಹೊಣೆ ಒಂದೇ ಕಡೆ ಇರುತ್ತದೆ. ಬೇರೆ ಕಡೆಯಿಂದ ತಂದರೆ ಗಾಳಿ ಸೋರಿದಾಗ ಹಾಕಿದವರು "ಟೈರೇ ಸರಿಯಿಲ್ಲ" ಎನ್ನುತ್ತಾರೆ, ಮಾರಿದವರು "ಹಾಕಿದ್ದು ಸರಿಯಿಲ್ಲ" ಎನ್ನುತ್ತಾರೆ. ನಡುವೆ ನಾವು ತ್ರಿಶಂಕು.

ಟೀ ಕುಡಿಯಲು ಹೋಗಬೇಡಿ. ನಿಂತು ಇಷ್ಟು ನೋಡಿ. ಟೈರಿನ ಮಗ್ಗುಲಲ್ಲಿ ಬಾಣದ ಗುರುತಿದೆ, ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಅದು ಇರಬೇಕು. ಉಲ್ಟಾ ಹಾಕಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ, ವಾಲ್ವ್ ಪಕ್ಕಕ್ಕೆ ಬರಬೇಕು. ಅಲಾಯ್ ಚಕ್ರವಾದರೆ ಟೈರ್ ಬಿಚ್ಚುವ ಮಷಿನ್ ಇರುವ ಅಂಗಡಿಗೇ ಹೋಗಿ. ಕಬ್ಬಿಣದ ಪಟ್ಟಿಯಲ್ಲಿ ಮೀಟಿದರೆ ರಿಮ್ಮಿನ ಅಂಚು ತರಚಿ, ಅಲ್ಲಿಂದಲೇ ಗಾಳಿ ಸೋರಲು ಶುರುವಾಗುತ್ತದೆ. ಟ್ಯೂಬ್ ಟೈರ್ ಆದರೆ ಹೊಸ ಟೈರಿಗೆ ಹೊಸ ಟ್ಯೂಬ್. ತೇಪೆ ಮೇಲೆ ತೇಪೆ ಬಿದ್ದ ಹಳೇದನ್ನು ಒಳಗೆ ತುರುಕಬೇಡಿ.

ಗಾಳಿ ತುಂಬಿದ ಮೇಲೆ ಟೈರಿನ ಅಂಚಿನಲ್ಲಿ ಸಣ್ಣ ಗೆರೆಯೊಂದು ಕಾಣುತ್ತದೆ. ಅದು ರಿಮ್ಮಿನ ಸುತ್ತಲೂ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಇದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಲು ಹೇಳಿ. ಹಿಂದಿನ ಚಕ್ರ ಬಿಚ್ಚಿದ್ದರಿಂದ ಚೈನ್ ಬಿಗಿ, ಬ್ರೇಕು, ಆಕ್ಸಲ್ ನಟ್ಟು ಮೂರನ್ನೂ ನೋಡಿಯೇ ಹೊರಡಿ.

6. ಟೈರ್ ಆನ್‌ಲೈನ್‌ನಲ್ಲೇ ತರಿಸಬೇಕಾದರೆ

ಕೆಲವು ಸಲ ಬೇರೆ ದಾರಿ ಇರುವುದಿಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದರೆ ಅಲ್ಲಿಂದ ಹೊರಬಂದ ಗಾಡಿಗಳನ್ನು ಮಕ್ಕಳಂತೆ ಸಾಕುತ್ತಿರುವವರು ಊರಿನಲ್ಲಿ ಈಗಲೂ ಇದ್ದಾರೆ. ಹಳೇ ಜಾವಾದ 3.25-16 ಅಳತೆ ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಲ್ಲ. ಹಾಗೇ ದೊಡ್ಡ ಬೈಕಿನವರಿಗೆ ಬೇಕಾದ ವಿದೇಶಿ ಕಂಪನಿಯ ಟೈರುಗಳೂ ಸಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಅಂಥವಕ್ಕೆ ಆನ್‌ಲೈನ್ ಅಥವಾ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆ.

ತರಿಸುವುದಾದರೆ ಮೊದಲು ಹಾಕಿಕೊಡುವ ಅಂಗಡಿಯನ್ನು ಗೊತ್ತು ಮಾಡಿಕೊಳ್ಳಿ, ಕೂಲಿ ಮಾತಾಡಿಕೊಳ್ಳಿ. "ಎಲ್ಲಿ ತಂದ್ರೋ ಅಲ್ಲೇ ಹಾಕ್ಸ್ಕಳಿ" ಎಂದು ವಾಪಸ್ ಕಳಿಸುವವರಿದ್ದಾರೆ. ಅವರ ಸಿಟ್ಟೂ ತಪ್ಪಲ್ಲ ಬಿಡಿ. ವ್ಯಾಪಾರ ಬೇರೆಯವರಿಗೆ, ಮೈ ಬೆವರು ಇವರಿಗೆ.

ಆಮೇಲೆ ಮಾರುವವರ ಹೆಸರು ನೋಡಿ. ಆ್ಯಪ್ ಹೆಸರು ದೊಡ್ಡದಿದ್ದರೂ ಮಾರುವವರು ಬೇರೆಯೇ ಇರುತ್ತಾರೆ. ಟೈರ್ ಕಂಪನಿಯ ಸ್ವಂತ ಮಳಿಗೆಯಾದರೆ ಒಳ್ಳೆಯದು. ತಯಾರಾದ ವಾರ ಯಾವುದು ಎಂದು ಬರಹದಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಾರ್ಸಲ್ ಬಂದಾಗ ಬಿಚ್ಚುವುದನ್ನು ವಿಡಿಯೊ ಮಾಡಿ, ಆ ನಾಲ್ಕು ಅಂಕಿ ಕಾಣುವಂತೆ. ಅದೇ ದಿನ ಮಾಡಿ. ಮಂಚದ ಕೆಳಗೆ ಇಡಬೇಡಿ. ಒಮ್ಮೆ ರಿಮ್ಮಿಗೆ ಹಾಕಿದ ಟೈರನ್ನು ವಾಪಸ್ ತೆಗೆದುಕೊಳ್ಳುವವರು ಸಿಗುವುದು ಕಷ್ಟ.

7. ಹೆಲ್ಮೆಟ್: ತಲೆಯೇ ಅಳತೆಗೋಲು

ಹೆಲ್ಮೆಟ್ಟಿಗೆ ಐಎಸ್‌ಐ ಗುರುತು 2021ರ ಜೂನ್ 1ರಿಂದ ಕಡ್ಡಾಯ. ಸಂಖ್ಯೆ ಐಎಸ್ 4151. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಹೆಲ್ಮೆಟ್ಟುಗಳ ಮೇಲೂ ಐಎಸ್‌ಐ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ಟಿಕ್ಕರ್ ಯಾರು ಬೇಕಾದರೂ ಮಾಡಿಸಬಹುದು. ಸಂಖ್ಯೆ ಹಾಕಿ ನೋಡಿದರೆ ಬಣ್ಣ ಬಯಲಾಗುತ್ತದೆ.

ಟೇಲರ್ ಟೇಪನ್ನು ಹುಬ್ಬಿನ ಮೇಲೆ ಒಂದು ಇಂಚು ಬಿಟ್ಟು ತಲೆಯ ಸುತ್ತ ಹಿಡಿಯಿರಿ. 57–58 ಸೆಂ.ಮೀ. ಬಂದರೆ ಹಲವು ಕಂಪನಿಗಳಲ್ಲಿ ಮೀಡಿಯಂ. ಆದರೆ ಅಂಕಿ ಒಂದೇ ಸಾಲದು. ಕೆಲವರ ತಲೆ ಗುಂಡಗೆ, ಕೆಲವರದು ಹಿಂದೆ ಮುಂದೆ ಉದ್ದ. ಅದಕ್ಕೇ ಅಂಗಡಿಗೆ ಹೋಗಿ ಎನ್ನುವುದು.

ಹಾಕಿಕೊಂಡು ಹತ್ತು ಹದಿನೈದು ನಿಮಿಷ ಹಾಗೇ ಇರಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಕೆನ್ನೆ ಒತ್ತಿ ಮೇಲೆ ಬರುವಷ್ಟು ಬಿಗಿ ಇರಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ತಲೆಯ ಜೊತೆಗೇ ಬರಬೇಕು, ಆಮೇಲೆ ನಿಧಾನಕ್ಕೆ ಬರಬಾರದು. ಪಟ್ಟಿ ಹಾಕಿ, ಹಿಂದಿನಿಂದ ಎತ್ತಿ ಮುಂದಕ್ಕೆ ತಳ್ಳಿ. ಕಳಚಿ ಬಂದರೆ ಅದು ನಿಮ್ಮದಲ್ಲ. ತೆಗೆದಾಗ ಹಣೆಯ ಒಂದೇ ಜಾಗದಲ್ಲಿ ಕೆಂಪು ಗುರುತು ಬಿದ್ದು ನೋಯುತ್ತಿದ್ದರೆ ಆಕಾರ ಹೊಂದುತ್ತಿಲ್ಲ ಎಂದರ್ಥ. ಬೇರೆ ಕಂಪನಿ ನೋಡಿ. ಸ್ಟಡ್ಸ್, ಸ್ಟೀಲ್‌ಬರ್ಡ್ ಅಥವಾ ನಮ್ಮ ಬೆಳಗಾವಿಯ ವೇಗಾ, ಒಂದೊಂದರ ಒಳಗಿನ ಆಕಾರ ಒಂದೊಂದು ರೀತಿ.

ಅಂಗಡಿಯಲ್ಲಿ ನೋಡಿ ಆನ್‌ಲೈನ್‌ನಲ್ಲಿ ತರಿಸುವುದು ನ್ಯಾಯವೇ? ನನಗೆ ಇರಿಸುಮುರಿಸು ಆಗುತ್ತದೆ. ಅರ್ಧ ಗಂಟೆ ನನಗಾಗಿ ಹತ್ತು ಹೆಲ್ಮೆಟ್ ಇಳಿಸಿದವರಿಗೆ ಬೆನ್ನು ತಿರುಗಿಸಿ ಬರಲಾರೆ. ಆನ್‌ಲೈನ್ ಬೆಲೆ ತೋರಿಸಿ "ಇಷ್ಟಕ್ಕೆ ಹತ್ತಿರ ಬನ್ನಿ" ಎನ್ನುತ್ತೇನೆ. ಸಾಮಾನ್ಯವಾಗಿ ಬರುತ್ತಾರೆ.

8. ಜಾಕೆಟ್, ಗ್ಲೌಸ್: ಇಲ್ಲಿ ಆನ್‌ಲೈನೇ ವಾಸಿ

ಮೈಸೂರಿನಲ್ಲಿ ಜಾಕೆಟ್, ಗ್ಲೌಸ್‌ನಂಥ ರೈಡಿಂಗ್ ಗೇರ್ ಮಾರುವ ಅಂಗಡಿಗಳು ಕೆಲವು ಇವೆ. ಆದರೆ ನಿಮಗೆ ಬೇಕಾದ ಮಾಡೆಲ್, ಬೇಕಾದ ಅಳತೆ, ಎರಡೂ ಒಟ್ಟಿಗೆ ಸಿಗುವುದು ಅದೃಷ್ಟದ ಮಾತು. ಮಂಡ್ಯದಲ್ಲಿ ಇನ್ನೂ ಕಷ್ಟ. ಆನ್‌ಲೈನ್‌ನಲ್ಲಿ ಎಲ್ಲ ಅಳತೆಯೂ ಸಿಗುತ್ತದೆ, ಹಿಡಿಸದಿದ್ದರೆ ಬದಲಿಸಿಕೊಡುತ್ತಾರೆ. ಟೈರಿನಂತೆ ಯಾರೂ ಹಾಕಿಕೊಡಬೇಕಿಲ್ಲ, ನಾವೇ ತೊಟ್ಟರಾಯಿತು.

ಎದೆ, ಸೊಂಟ, ತೋಳಿನ ಉದ್ದ, ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ ಬರೆದಿಟ್ಟುಕೊಳ್ಳಿ. ಶರ್ಟಿನ ಅಳತೆ ನಂಬಬೇಡಿ. ಬಂದ ಮೇಲೆ ಟ್ಯಾಗ್ ಕೀಳದೆ, ನಿಂತ ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದು ನೋಡಿ. ಕನ್ನಡಿ ಮುಂದೆ ನಿಂತಾಗ ಸರಿ ಕಂಡದ್ದು ಗಾಡಿ ಮೇಲೆ ಬದಲಾಗುತ್ತದೆ. ಮೊಣಕೈ ಪ್ಯಾಡು ಮೊಣಕೈ ಮೂಳೆಯ ಮೇಲೇ ಇರಬೇಕು, ಕೈಯಿಂದ ಎಳೆದರೆ ಜರುಗಬಾರದು.

ಒಳಗೆ ಹೊಲಿದ ಲೇಬಲ್ ಓದಿ. ಪ್ಯಾಡಿಗೆ ಇಎನ್ 1621 ಎಂದಿರುತ್ತದೆ (ಇಎನ್ ಅಂದರೆ ಯುರೋಪಿನ ಗುಣಮಟ್ಟದ ಗುರುತು), ಲೆವೆಲ್ 1ಕ್ಕಿಂತ 2 ಉತ್ತಮ. ಬೆನ್ನಿನ ಪ್ಯಾಡು ಬೇರೆ, 1621-2. ಹಲವು ಜಾಕೆಟ್ಟಿನಲ್ಲಿ ಬೆನ್ನಿಗೆ ಬರೀ ಸ್ಪಂಜು ಇಟ್ಟಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಬಟ್ಟೆಗೆ ಇಎನ್ 17092, ಅದರಲ್ಲಿ ಎ, ಎಎ, ಎಎಎ ಎಂದು ದರ್ಜೆ ಏರುತ್ತದೆ. ದೊಡ್ಡ ಕಂಪನಿಯ ಹೆಸರು ಬರೆದ 400 ರೂಪಾಯಿ ಗ್ಲೌಸ್ ನಕಲಿಯೇ, ಅದರಲ್ಲಿ ಅನುಮಾನ ಬೇಡ. ನಮ್ಮ ಬಿಸಿಲಿಗೆ ಜಾಲರಿ ಬಟ್ಟೆಯ ಜಾಕೆಟ್ ಸಾಕು. ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಸಿಗ್ನಲ್ಲಿನಲ್ಲಿ ನಿಂತಾಗ ಬಿಚ್ಚಿ ಬಿಸಾಡೋಣ ಅನ್ನಿಸದಂಥದ್ದನ್ನು ಕೊಂಡರೆ ಮಾತ್ರ ದಿನಾ ಹಾಕುತ್ತೀರಿ.

9. ಮೋಸ ಹೋದರೆ

ಮೊದಲು ಮಾರಿದವರಿಗೆ ಬರಹದಲ್ಲಿ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಳಿಗೆಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದೆಹಲಿಯಲ್ಲಿದ್ದರೂ ಪರವಾಗಿಲ್ಲ. 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಐದು ಲಕ್ಷದ ತನಕ ಶುಲ್ಕವೂ ಇಲ್ಲ. ಬಿಲ್, ವಿಡಿಯೊ, ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುವುದು ಆಗಲೇ.

10. ಹೊಸ ಟೈರಿನ ಮೊದಲ ವಾರ

ಹೊಸ ಟೈರಿನ ಮೈ ನುಣುಪಾಗಿ ಜಾರುತ್ತದೆ. ಮೊದಲ 150 ಕಿ.ಮೀ. ಬಾಗಿಸಿ ಓಡಿಸಬೇಡಿ, ಗಕ್ಕನೆ ಬ್ರೇಕ್ ಹಾಕಬೇಡಿ. ಹೊಸ ಟೈರ್ ಪೂಜೆಗೆಂದು ಅಂದೇ ಚಾಮುಂಡಿ ಬೆಟ್ಟ ಹತ್ತುವವರಿದ್ದಾರೆ. ತಾಯಿಗೆ ಕೆಳಗಿನಿಂದಲೇ ಕೈಮುಗಿದು, ವಾರ ಬಿಟ್ಟು ಹೋಗಿ. ಅಷ್ಟರಲ್ಲಿ ಒಂದು ಬೆಳಗ್ಗೆ, ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕು ಎಂಬುದು ಚೈನ್ ಕವರ್ ಹತ್ತಿರದ ಸ್ಟಿಕ್ಕರ್ ಅಥವಾ ಗಾಡಿಯ ಪುಸ್ತಕದಲ್ಲಿದೆ. ಒಬ್ಬರು ಕೂತರೆ ಒಂದು ಲೆಕ್ಕ, ಇಬ್ಬರಿಗೆ ಇನ್ನೊಂದು. ಎರಡು ದಿನಕ್ಕೇ ಐದಾರು ಪಾಯಿಂಟ್ ಇಳಿದಿದ್ದರೆ ಬಿಲ್ ಹಿಡಿದು ಸೀದಾ ಹಾಕಿದ ಅಂಗಡಿಗೇ ಹೋಗಿ.